ಸೈರನ್ ಕೂಗಿದರೆ ಬಾಗಿಲು ಹಾಕಬೇಕಾ, ತೆಗೆದಿಡಬೇಕಾ? ಹಳೇ ಟಿವಿ ಕಥೆಗಳ ಬಗ್ಗೆ ಒಂದು ಪ್ರಶ್ನೆ

ಕೋಡಿಬಾಗ ಟೀಚರ್:

ನಾನು ಕಾರವಾರದಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. 2025ರ ಮೇ ತಿಂಗಳಲ್ಲಿ ದೇಶದ ತುಂಬ ಯುದ್ಧದ ಅಣಕು ಕವಾಯತು ಮಾಡಬೇಕು ಅಂತ ಆದೇಶ ಬಂದಿತ್ತಲ್ಲ, ಆಗ ಬೆಂಗಳೂರು, ರಾಯಚೂರಿನ ಜೊತೆ ನಮ್ಮೂರ ಹೆಸರೂ ಸುದ್ದಿಯಲ್ಲಿ ಬಂತು. ಯಾಕೆ ಅಂತ ಇಲ್ಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ಕಡೆ ನೌಕಾನೆಲೆ, ಆ ಕಡೆ ಕಾಳಿ ಹೊಳೆಯ ಮೇಲೆ ಕೈಗಾ ಅಣುವಿದ್ಯುತ್ ಸ್ಥಾವರ. ಸುದ್ದಿ ನೋಡುತ್ತಿದ್ದ ನಮ್ಮ ಆಯಿ ಒಂದೇ ಮಾತು ಕೇಳಿದಳು, "ಸೈರನ್ ಕೂಗಿದರೆ ಬಾಗಿಲು ಹಾಕಿಕೊಳ್ಳಬೇಕಾ, ತೆಗೆದಿಡಬೇಕಾ?" ವಿಜ್ಞಾನದ ಟೀಚರ್ ಆಗಿ ನನಗೆ ಉತ್ತರ ಬರಲಿಲ್ಲ. ಅದು ಇನ್ನೂ ಮನಸ್ಸಿನಲ್ಲಿ ಕೂತಿದೆ.

ಆಮೇಲೆ ಈ ವಿಷಯ ಹುಡುಕುತ್ತಾ ಹೋದಾಗ ಅಮೆರಿಕದ ಹಳೇ ಟಿವಿ ಸರಣಿ 'ದಿ ಟ್ವಿಲೈಟ್ ಝೋನ್' ಸಿಕ್ಕಿತು. 1959ರಿಂದ 1964ರವರೆಗೆ ಬಂದಿದ್ದು, ಕಪ್ಪು ಬಿಳುಪು. ಅದರಲ್ಲಿ 'ದಿ ಶೆಲ್ಟರ್' ಅಂತ ಒಂದು ಕಂತು ಇದೆ. ಒಬ್ಬ ಡಾಕ್ಟರ ಹುಟ್ಟುಹಬ್ಬ, ಓಣಿಯವರೆಲ್ಲ ಊಟಕ್ಕೆ ಬಂದಿರುತ್ತಾರೆ, ನಗು ಮಾತು ನಡೆದಿರುತ್ತದೆ. ಅಷ್ಟರಲ್ಲಿ ರೇಡಿಯೋದಲ್ಲಿ ಸುದ್ದಿ ಬರುತ್ತದೆ, ಆಕಾಶದಲ್ಲಿ ಗುರುತು ಸಿಗದ ವಸ್ತುಗಳು ಕಾಣಿಸಿವೆ, ಕ್ಷಿಪಣಿ ಇರಬಹುದು ಅಂತ. ಡಾಕ್ಟರು ಮನೆಯ ಕೆಳಗೆ ಅಣುಬಾಂಬಿನಿಂದ ಉಳಿಯಲು ಕೋಣೆ ಕಟ್ಟಿಸಿರುತ್ತಾರೆ, ಆದರೆ ಮೂರೇ ಜನಕ್ಕೆ. ಹೆಂಡತಿ, ಮಗ, ತಾನು. ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಅರ್ಧ ಗಂಟೆ ಹಿಂದೆ ಜೊತೆಗೆ ಕೂತು ಉಂಡವರೇ ಬಂದು ಆ ಬಾಗಿಲು ಒಡೆಯುತ್ತಾರೆ. ಬಾಗಿಲು ಮುರಿದು ಬೀಳುವುದಕ್ಕೂ, ಅದು ಕ್ಷಿಪಣಿ ಅಲ್ಲ ಬರೀ ಉಪಗ್ರಹ ಅಂತ ರೇಡಿಯೋ ಹೇಳುವುದಕ್ಕೂ ಸರಿಹೋಗುತ್ತದೆ.

ಇಡೀ ಕಂತಿನಲ್ಲಿ ಒಂದು ಬಾಂಬೂ ಬೀಳುವುದಿಲ್ಲ. ಆದರೂ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ನನ್ನ ಪ್ರಶ್ನೆ ಇದು. ಆ ಕಾಲದ ವಿಜ್ಞಾನ ಕಥೆಯ ಟಿವಿಯವರು ಯಾಕೆ ಮತ್ತೆ ಮತ್ತೆ ಅಣುಯುದ್ಧಕ್ಕೇ ಬರುತ್ತಿದ್ದರು? ನಮ್ಮ ವಿಜ್ಞಾನ ಸಂಘದಲ್ಲಿ ಒಂಬತ್ತನೇ ತರಗತಿ ಮಕ್ಕಳಿಗೆ ಇಂಥದ್ದೊಂದು ತೋರಿಸಿ ಮಾತಾಡಬೇಕು ಅಂತಿದ್ದೇನೆ. ಯಾವುದನ್ನು ತೋರಿಸಲಿ? ಈ ವಯಸ್ಸಿನಲ್ಲಿ ಇದನ್ನೆಲ್ಲ ತೋರಿಸುವುದು ಸರಿಯಾ? ನೋಡಿದವರು ದಯವಿಟ್ಟು ಹೇಳಿ.

ಶಿರಸಿ ಹಳಬ:

ಅಕ್ಕೋರೇ, ಒಳ್ಳೇ ಪ್ರಶ್ನೆ. ಮೊದಲು ಆ ಕಂತು ಬಂದ ದಿನಾಂಕ ನೋಡಿ. 1961ರ ಸೆಪ್ಟೆಂಬರ್ 29. ಅದೇ ವರ್ಷ ಜುಲೈ 25ರಂದು ಅಮೆರಿಕದ ಅಧ್ಯಕ್ಷ ಕೆನಡಿ ಟಿವಿಯಲ್ಲಿ ಬಂದು ಬರ್ಲಿನ್ ಬಿಕ್ಕಟ್ಟಿನ ಬಗ್ಗೆ ಮಾತಾಡಿದ್ದರು, ಜನರಿಗೆ ಆಶ್ರಯ ಕೋಣೆಗಳು ಬೇಕು ಅಂತಲೂ ಹೇಳಿದ್ದರು. ಆಗಸ್ಟ್ 13ಕ್ಕೆ ಬರ್ಲಿನ್ ಗೋಡೆ ಎದ್ದಿತು. ಅಕ್ಟೋಬರ್ 30ಕ್ಕೆ ಸೋವಿಯತ್ ದೇಶ 50 ಮೆಗಾಟನ್ ಬಾಂಬ್ ಸಿಡಿಸಿತು, ಅಷ್ಟು ದೊಡ್ಡದು ಹಿಂದೆಯೂ ಇಲ್ಲ, ಆಮೇಲೂ ಇಲ್ಲ. ಇವೆರಡರ ನಡುವೆ ಬಂದ ಕಂತು ಅದು. ನೋಡುತ್ತಿದ್ದವರ ಮನೆಯಲ್ಲೇ ನೆಲಮಾಳಿಗೆ ಅಗೆಸಬೇಕಾ ಬೇಡವಾ ಅನ್ನುವ ಮಾತು ನಡೆದಿತ್ತು. ಅವರಿಗೆ ಅದು ಕಲ್ಪನೆಯ ಕಥೆ ಅನಿಸಿರಲಿಕ್ಕಿಲ್ಲ.

ಸರಣಿ ಮಾಡಿದ ರಾಡ್ ಸರ್ಲಿಂಗ್ ಎರಡನೇ ಮಹಾಯುದ್ಧದಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಕಾದಾಡಿ ಬಂದ ಸೈನಿಕ. ಮೊದಲು ಅವರು ಟಿವಿಗೆ ನೇರ ಸಾಮಾಜಿಕ ನಾಟಕ ಬರೆಯುತ್ತಿದ್ದರು. ಜಾಹೀರಾತು ಕೊಡುವ ಕಂಪನಿಗಳು ಇದು ಬೇಡ ಅದು ಬೇಡ ಅಂತ ಕತ್ತರಿ ಹಾಕುತ್ತಿದ್ದವು. ಬೇರೆ ಗ್ರಹ, ಬೇರೆ ಕಾಲ ಅಂತ ಮಾಡಿದರೆ ಅದೇ ಮಾತನ್ನು ಆಡಬಹುದು ಅಂತ ಅವರಿಗೆ ಗೊತ್ತಾಯಿತು. ನಮ್ಮ ಯಕ್ಷಗಾನದ ಅರ್ಥಧಾರಿಗಳು ಕೌರವನ ಬಾಯಲ್ಲಿ ಇವತ್ತಿನ ರಾಜಕೀಯ ಆಡಿಸುವುದಿಲ್ಲವಾ, ಹಾಗೆ.

ನನಗೆ ಈ ಭಯದ ಪರಿಚಯ ಆಗಿದ್ದು ದೂರದರ್ಶನದಿಂದ. ಎಂಬತ್ತರ ದಶಕದಲ್ಲಿ ಭಾನುವಾರ ಬೆಳಿಗ್ಗೆ 'ಸ್ಟಾರ್ ಟ್ರೆಕ್' ಬರುತ್ತಿತ್ತು. ರಜೆಗೆ ಹುಬ್ಬಳ್ಳಿಯ ಮಾವನ ಮನೆಗೆ ಹೋದಾಗ ನೋಡಿದ್ದು. ಇಂಗ್ಲಿಷ್ ಅರ್ಧ ಅರ್ಥವಾಗುತ್ತಿತ್ತು, ಅರ್ಧ ಇಲ್ಲ. ದೊಡ್ಡವನಾದ ಮೇಲೆ ಎಲ್ಲಾ ಕಂತುಗಳನ್ನೂ ಹುಡುಕಿ ನೋಡಿದೆ. ಅದರಲ್ಲಿ 'ಎ ಟೇಸ್ಟ್ ಆಫ್ ಆರ್ಮಗೆಡನ್' ಅಂತ ಒಂದಿದೆ, 1967ರದ್ದು. ನೀವು ಅದನ್ನೇ ತೋರಿಸಿ ಅಂತ ನನ್ನ ಸಲಹೆ. ಎರಡು ಗ್ರಹಗಳ ನಡುವೆ 500 ವರ್ಷಗಳಿಂದ ಯುದ್ಧ. ಆದರೆ ಒಂದು ಕಟ್ಟಡವೂ ಬಿದ್ದಿಲ್ಲ, ಹೊಗೆ ಇಲ್ಲ, ಬೂದಿ ಇಲ್ಲ. ಯುದ್ಧ ನಡೆಯುವುದು ಕಂಪ್ಯೂಟರಿನಲ್ಲಿ. ಯಾವ ಬೀದಿಗೆ ಬಾಂಬ್ ಬಿತ್ತು, ಎಷ್ಟು ಜನ ಸತ್ತರು ಅಂತ ಯಂತ್ರ ಲೆಕ್ಕ ಹಾಕುತ್ತದೆ. ಲೆಕ್ಕದಲ್ಲಿ ಸತ್ತವರು 24 ಗಂಟೆಯೊಳಗೆ ತಾವಾಗೇ ಹೋಗಿ ಒಂದು ಯಂತ್ರದೊಳಗೆ ನಿಂತು ಇಲ್ಲವಾಗಬೇಕು. ಜನ ಹೋಗುತ್ತಾರೆ! ಸಾಲಾಗಿ, ಗಲಾಟೆ ಇಲ್ಲದೆ. ರೇಷನ್ ಅಂಗಡಿಗೆ ಹೋದ ಹಾಗೆ. ನೋವು ಕಣ್ಣಿಗೆ ಕಾಣದ ಹಾಗೆ ಮಾಡಿಬಿಟ್ಟರೆ ಯುದ್ಧ ನಿಲ್ಲಿಸಲು ಯಾರಿಗೂ ಕಾರಣವೇ ಇರುವುದಿಲ್ಲ ಅಂತ ಆ ಕಂತು ಹೇಳುತ್ತದೆ. ಮೊಬೈಲಿನಲ್ಲಿ ಯುದ್ಧ ನೋಡುವ ಈಗಿನ ಮಕ್ಕಳಿಗೆ ಇದು ಬೇಗ ತಟ್ಟುತ್ತದೆ.

'ಶೆಲ್ಟರ್' ಬೇಡ ಅನ್ನುವುದಕ್ಕೆ ಕಾರಣ ಇದೆ. ಪಕ್ಕದ ಮನೆಯವರು ಒಳಗಿನಿಂದ ಮೃಗ ಅಂತ ಮಕ್ಕಳ ತಲೆಯಲ್ಲಿ ಕೂತುಬಿಟ್ಟರೆ ಆಮೇಲೆ ಅದನ್ನು ತೆಗೆಯುವುದು ಕಷ್ಟ.

ನಮ್ಮ ಕಡೆಯವರಿಗೆ ಅಣು ಅನ್ನುವ ಶಬ್ದದ ಹೆದರಿಕೆ ಟಿವಿಯಿಂದ ಬಂದದ್ದಲ್ಲ. 1986ರಲ್ಲಿ ಚೆರ್ನೋಬಿಲ್ ಆಯಿತು. 1989ರಲ್ಲಿ ಶಿವರಾಮ ಕಾರಂತರು ಕೈಗಾ ಬೇಡ ಅಂತ ನಮ್ಮ ಜಿಲ್ಲೆಯಿಂದ ಲೋಕಸಭೆಗೆ ನಿಂತರು, ಆಗ ಅವರಿಗೆ 87 ವರ್ಷ. ಸೋತರು. ಆದರೆ ನಮ್ಮ ಜಗಲಿಯಲ್ಲಿ ದೊಡ್ಡವರು ಆ ವಿಷಯ ಮಾತಾಡಿದ್ದು ನನಗೆ ಈಗಲೂ ಕಿವಿಯಲ್ಲಿದೆ.

ಮಲ್ಲಾಪುರ ಶಿಫ್ಟ್:

ಮೇಡಂ, ನಾನು ಸ್ಥಾವರದಲ್ಲೇ ಕೆಲಸ ಮಾಡುವವನು, ಟೌನ್‌ಶಿಪ್‌ನಲ್ಲಿ ಇರುವವನು. ಮೊದಲು ಒಂದು ವಿಷಯ ಬೇರೆ ಮಾಡಿಕೊಳ್ಳೋಣ, ಇಲ್ಲದಿದ್ದರೆ ಮಕ್ಕಳ ತಲೆಯಲ್ಲಿ ಎರಡೂ ಕಲಸಿಹೋಗುತ್ತದೆ. ರಿಯಾಕ್ಟರ್ ಅಂದರೆ ಬಾಂಬ್ ಅಲ್ಲ. ಕೈಗಾದ ನಾಲ್ಕು ಘಟಕಗಳೂ ತಲಾ 220 ಮೆಗಾವ್ಯಾಟ್‌ನವು, ಓಡುವುದು ನೆಲದಿಂದ ತೆಗೆದ ಸಹಜ ಯುರೇನಿಯಂನಲ್ಲಿ. ಅದರಲ್ಲಿ ಸೀಳುವ ಯುರೇನಿಯಂ 235 ಇರುವುದು ಶೇಕಡಾ 0.7 ಮಾತ್ರ. ಯುರೇನಿಯಂ ಬಾಂಬಿಗೆ ಅದು ಶೇಕಡಾ 90ರ ಹತ್ತಿರ ಬೇಕು. ರಿಯಾಕ್ಟರಿನಲ್ಲಿ ಅಪಘಾತ ಆಗಬಹುದು, ವಿಕಿರಣ ಹೊರಗೆ ಬರಬಹುದು, ಅದಕ್ಕೇ ಕವಾಯತು ಮಾಡುವುದು. ಹಿರೋಷಿಮಾ ತರಹ ಸಿಡಿಯುವುದಿಲ್ಲ.

ಇನ್ನು ನಿಮ್ಮ ಆಯಿಯ ಪ್ರಶ್ನೆ. ತುಂಬಾ ಸರಿಯಾದ ಪ್ರಶ್ನೆ ಅದು. ವಿಕಿರಣದ ಮಟ್ಟಿಗೆ ಉತ್ತರ: ಒಳಗೆ ಹೋಗಿ, ಬಾಗಿಲು ಕಿಟಕಿ ಹಾಕಿ, ಫ್ಯಾನು ಎಸಿ ನಿಲ್ಲಿಸಿ, ಅಧಿಕಾರಿಗಳು ಹೇಳುವ ತನಕ ಹೊರಗೆ ಬರಬೇಡಿ. ಬಾಂಬಿನ ಬೂದಿ ಬೀಳುವಾಗಲೂ ಇದೇ ಮಾತು. ಆ ಬೂದಿಯ ವಿಕಿರಣ ಬೇಗ ಇಳಿಯುತ್ತದೆ, ಸಮಯ ಏಳು ಪಟ್ಟಾದರೆ ವಿಕಿರಣ ಹತ್ತರಲ್ಲಿ ಒಂದು ಪಾಲಿಗೆ ಬರುತ್ತದೆ. ಅಂದರೆ ಸಿಡಿದು ಒಂದು ಗಂಟೆಗೆ ಇದ್ದದ್ದು ಏಳು ಗಂಟೆಗೆ ಹತ್ತನೇ ಒಂದು, 49 ಗಂಟೆಗೆ ನೂರನೇ ಒಂದು. ಇದು ಅಂದಾಜಿನ ಲೆಕ್ಕ, ಆದರೆ ಮೊದಲ ಎರಡು ದಿನ ಒಳಗಿರುವುದು ಯಾಕೆ ಇಷ್ಟು ಮುಖ್ಯ ಅಂತ ಇದರಿಂದ ಗೊತ್ತಾಗುತ್ತದೆ. ನಮ್ಮ ಕಡೆಯ ಹಳೇ ಮನೆಗಳ ಚಿರೇಕಲ್ಲಿನ ದಪ್ಪ ಗೋಡೆ ಒಳ್ಳೇ ತಡೆ. ಮೇಲಿನ ಹಂಚಿನ ಮಾಡು ಅಷ್ಟು ತಡೆಯುವುದಿಲ್ಲ, ಅದಕ್ಕೆ ನಡುಮನೆಯಲ್ಲಿ, ಆದಷ್ಟು ಒಳಗೆ ಇರಬೇಕು. ಇದನ್ನು ಮಕ್ಕಳಿಗೆ ಬೋರ್ಡಿನ ಮೇಲೆ ಲೆಕ್ಕ ಮಾಡಿ ತೋರಿಸಿ. ಏನು ಮಾಡಬೇಕು ಅಂತ ಗೊತ್ತಿದ್ದರೆ ಹೆದರಿಕೆ ಅರ್ಧ ಕಡಿಮೆ.

ಈಗ ಶಿರಸಿಯವರ ಮಾತಿಗೆ. 'ಶೆಲ್ಟರ್' ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅದರಲ್ಲಿ ಸುಮ್ನೆ ದಾಟಿಹೋಗುವ ಒಂದು ಮಾತಿದೆ. ಡಾಕ್ಟರು ಆ ಕೋಣೆ ಕಟ್ಟುವಾಗ ಬಡಿಗೆಲಸದ ಸದ್ದಿನ ಬಗ್ಗೆ ಓಣಿಯವರು ತಮಾಷೆ ಮಾಡಿರುತ್ತಾರೆ. ಅವರಿಗೂ ದುಡ್ಡಿತ್ತು, ಪುರುಸೊತ್ತಿತ್ತು, ಯಾರೂ ಏನೂ ಮಾಡಿಕೊಳ್ಳಲಿಲ್ಲ. ನನಗೆ ಅವರು ಮೃಗ ಅನಿಸುವುದಿಲ್ಲ. ಮೊದಲೇ ಕೂತು ಮಾತಾಡಿಕೊಳ್ಳದ ಜನ, ಅಷ್ಟೇ. ಬಾಗಿಲು ಹಾಕಿದ ಮೇಲೆ ಮಾತು ಶುರು ಮಾಡಿದರೆ ಅದು ಜಗಳವೇ ಆಗುತ್ತದೆ. ಇನ್ನೊಂದು ದೃಶ್ಯ ಇದೆ, ಹೆದರಿಕೆ ಏರಿದ ಕೂಡಲೇ ಒಬ್ಬ ಇನ್ನೊಬ್ಬನಿಗೆ ನೀನು ಹೊರಗಿನಿಂದ ಬಂದವನು ಅನ್ನುತ್ತಾನೆ. ಕೈಗಾ ಟೌನ್‌ಶಿಪ್‌ನಲ್ಲಿ ಹತ್ತು ರಾಜ್ಯದವರು ಇದ್ದೇವೆ. ಆ ದೃಶ್ಯ ನೋಡಿ ನಾನು ಎದ್ದು ಹೋಗಿ ನೀರು ಕುಡಿದು ಬಂದೆ.

ಆದರೆ ನಾನು ಕಣ್ಣಾರೆ ಕಂಡದ್ದು ಬೇರೆ. 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟು ಕಾಳಿ ದಂಡೆಯ ಊರುಗಳಿಗೆ ಹೊಳೆ ನುಗ್ಗಿತು. ಆ ರಾತ್ರಿ ಯಾರ ಮನೆ ಎತ್ತರದಲ್ಲಿತ್ತೋ ಅವರ ಬಾಗಿಲು ತೆರೆದೇ ಇತ್ತು. ನಮ್ಮ ಪರಿಚಯದ ಒಂದು ಮನೆಯ ಜಗಲಿಯಲ್ಲಿ ಐದು ಮನೆಯ ಜನ, ಮೂರು ದನ, ಒಂದು ಹೊಲಿಗೆ ಯಂತ್ರ. ಎರಡನೇ ಮಾತಿಲ್ಲದೆ ಗಂಜಿ ಬೆಂದಿತು. ಹೊಳೆಗೆ ತೆರೆದಿಡುವ ಬಾಗಿಲನ್ನು ವಿಕಿರಣಕ್ಕೆ ಮುಚ್ಚಬೇಕು, ಮುಚ್ಚುವ ಮುಂಚೆ ಯಾರು ಯಾರು ಒಳಗೆ ಅಂತ ತೀರ್ಮಾನ ಆಗಿರಬೇಕು. ಅದನ್ನೇ ಮಕ್ಕಳ ಜೊತೆ ಮಾತಾಡಿ.

ಶಿರಸಿ ಹಳಬ:

ಮಲ್ಲಾಪುರದವರೇ, ರಿಯಾಕ್ಟರ್ ಬೇರೆ ಬಾಂಬ್ ಬೇರೆ ಅನ್ನುವುದು ಒಪ್ಪಿದೆ. ಆದರೆ ನಮ್ಮ ಹೆದರಿಕೆ ತಿಳಿಯದವರ ಹೆದರಿಕೆ ಆಗಿರಲಿಲ್ಲ ಅನ್ನುವುದನ್ನೂ ನೀವು ಒಪ್ಪಬೇಕು. 1994ರಲ್ಲಿ ಕೈಗಾ ಕಟ್ಟುತ್ತಿರುವಾಗಲೇ ರಿಯಾಕ್ಟರ್ ಗುಮ್ಮಟದ ಒಳಗಿನ ಕಾಂಕ್ರೀಟ್ ಕಳಚಿ ಬಿದ್ದಿತ್ತು. ಇಂಧನ ತುಂಬಿರಲಿಲ್ಲ, ಅದು ಪುಣ್ಯ. ಪ್ರಶ್ನೆ ಕೇಳಿದವರು ಇದ್ದದ್ದರಿಂದಲೇ ಇವತ್ತು ಕವಾಯತು, ಮಾಹಿತಿ ಎಲ್ಲ ಇಷ್ಟಾದರೂ ಸಿಗುತ್ತಿದೆ ಅಂತ ನನ್ನ ನಂಬಿಕೆ.

ಮೊದಲೇ ಕೂತು ಮಾತಾಡದ ಜನ ಅಂದಿರಲ್ಲ, ಆ ಮಾತು ಸರಿ ಕಂಡಿತು. ನಾನು ಆ ಕಂತನ್ನು ಹಾಗೆ ನೋಡಿರಲಿಲ್ಲ. ಇವತ್ತು ರಾತ್ರಿ ಇನ್ನೊಮ್ಮೆ ನೋಡುತ್ತೇನೆ.

ಬೈತಖೋಲ ಬೋಟು:

ಅಕ್ಕೋರೇ ನಮಸ್ಕಾರ. ಎಲ್ಲರೂ ಅಮೆರಿಕದ್ದೇ ಹೇಳುತ್ತಿದ್ದೀರಿ. ಬಾಂಬ್ ಬಿದ್ದದ್ದು ಜಪಾನಿನ ಮೇಲೆ ಅಲ್ವಾ, ಅವರ ಟಿವಿ ಏನು ಹೇಳಿತು ಅಂತಲೂ ಕೇಳಬೇಕು.

ನಮ್ಮ ವಯಸ್ಸಿನವರಿಗೆ 'ಜೈಂಟ್ ರೋಬೋಟ್' ನೆನಪಿರುತ್ತದೆ, ದೂರದರ್ಶನದಲ್ಲಿ ಬರುತ್ತಿತ್ತು. ಜಾನಿ ಅಂತ ಹುಡುಗ ಕೈಗಡಿಯಾರಕ್ಕೆ ಮಾತಾಡಿದರೆ ಆ ದೊಡ್ಡ ರೋಬೋಟ್ ಹೇಳಿದ್ದು ಕೇಳುತ್ತಿತ್ತು. ನಮ್ಮ ಓಣಿಯಲ್ಲಿ ಟಿವಿ ಇದ್ದ ಒಂದೇ ಮನೆ, ಕಿಟಕಿಯ ಸರಳಿಗೆ ನೇತಾಡಿ ನೋಡಿದ್ದೇವೆ. ಆಗ ಗೊತ್ತಾಗದ ವಿಷಯ ಏನಂದರೆ ಆ ರೋಬೋಟಿಗೆ ಜೀವ ಬರುವುದೇ ಅಣುಸ್ಫೋಟದಿಂದ. ಕೊನೆಗೆ ಖಳನ ಮೈ ಪೂರ್ತಿ ಅಣುಶಕ್ತಿ, ಅವನನ್ನು ಹೊಡೆದರೆ ಭೂಮಿಯೇ ಹೋಗುತ್ತದೆ. ರೋಬೋಟ್ ಹುಡುಗನ ಮಾತನ್ನೂ ಕೇಳದೆ ಅವನನ್ನು ಹಿಡಿದುಕೊಂಡು ಆಕಾಶಕ್ಕೆ ಹೋಗಿ ತಾನೂ ನಾಶವಾಗುತ್ತದೆ. ಅಷ್ಟೂ ದಿನ ಹೇಳಿದ್ದು ಕೇಳಿದ ರೋಬೋಟ್ ಅವತ್ತು ಕೇಳಲಿಲ್ಲ. ನಾವು ಅತ್ತಿದ್ದೆವು. ಮಕ್ಕಳ ಕಾರ್ಯಕ್ರಮದೊಳಗೆ ಇಷ್ಟು ದೊಡ್ಡ ದುಃಖ ಇಟ್ಟವರು ಅದನ್ನು ಎಲ್ಲಿಂದ ತಂದರು ಅಂತ ಈಗ ಅನಿಸುತ್ತದೆ.

ಎಲ್ಲಿಂದ ಅಂದರೆ, ಸಮುದ್ರದಿಂದಲೂ ತಂದರು. 1954ರ ಮಾರ್ಚ್ 1, ಅಮೆರಿಕ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಪರೀಕ್ಷೆ ಮಾಡಿತು. ಅವರ ಅಂದಾಜಿಗಿಂತ ಎರಡು ಪಟ್ಟಿಗೂ ಜಾಸ್ತಿ ಸಿಡಿಯಿತು, 15 ಮೆಗಾಟನ್. ಅಪಾಯದ ಗಡಿ ಅಂತ ಹೇಳಿದ್ದ ಜಾಗದಿಂದ ಹೊರಗೇ ಇದ್ದ ಜಪಾನಿನ ಒಂದು ಟ್ಯೂನಾ ಬೋಟಿನ ಮೇಲೆ ಬಿಳಿ ಬೂದಿ ಬಿತ್ತು, ಹವಳದ ಪುಡಿ ಸುಟ್ಟು ಮೇಲೆ ಹೋಗಿ ಉದುರಿದ್ದು. 23 ಜನ ಇದ್ದರು. ಅವರಿಗೆ ಅದು ಏನು ಅಂತಲೇ ಗೊತ್ತಿರಲಿಲ್ಲ, ಬರಿಗೈಯಲ್ಲಿ ಗುಡಿಸಿದರು, ಬಲೆ ಗಾಳ ಎಳೆದುಕೊಂಡು ಊರಿಗೆ ತಿರುಗಿದರು. ದಾರಿಯಲ್ಲೇ ಮೈ ಸುಟ್ಟಿತು, ಕೂದಲು ಉದುರಿತು. ಬೋಟಿನ ರೇಡಿಯೋ ನಡೆಸುತ್ತಿದ್ದವರು ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಜಪಾನಿನ ಮಾರುಕಟ್ಟೆಯಲ್ಲಿ ಟ್ಯೂನಾ ಹೂತು ಹಾಕಿದರು. ನಾನು ಬೋಟಿಗೆ ಹೋಗುವ ಮನೆಯವನು. ಮಂಜು ಬಿದ್ದ ಹಾಗೆ ಡೆಕ್ಕಿನ ಮೇಲೆ ಬೂದಿ ಬೀಳುವುದನ್ನು ನಾನು ಕಣ್ಣು ಮುಚ್ಚಿದರೆ ಕಾಣಬಲ್ಲೆ. ಬೋಟಿನಲ್ಲಿ ಹಾಕಿಕೊಳ್ಳುವುದಕ್ಕೆ ಬಾಗಿಲು ಎಲ್ಲಿರುತ್ತದೆ?

ಅದೇ ವರ್ಷ ಜಪಾನಿನವರು 'ಗೊಡ್ಜಿಲ್ಲಾ' ಸಿನಿಮಾ ಮಾಡಿದರು. ಅದರ ವಿಶೇಷ ದೃಶ್ಯ ಮಾಡಿದ ಎಯ್ಜಿ ತ್ಸುಬುರಾಯ ಅವರ ಕಂಪನಿಯೇ ಆಮೇಲೆ ಟಿವಿಗೆ 'ಅಲ್ಟ್ರಾಸೆವೆನ್' ತಂದಿತು. ಅದರಲ್ಲಿ 1968ರ ಒಂದು ಕಂತು ಇದೆ. ಭೂಮಿಯವರು ಒಂದು ಗ್ರಹವನ್ನೇ ಪುಡಿ ಮಾಡುವ ಅಸ್ತ್ರ ಕಂಡುಹಿಡಿದು, ಜೀವ ಇಲ್ಲ ಅಂತ ಅಂದುಕೊಂಡ ದೂರದ ಗ್ರಹದ ಮೇಲೆ ಪರೀಕ್ಷೆ ಮಾಡುತ್ತಾರೆ. ಅಲ್ಲಿ ಜೀವ ಇತ್ತು. ಆ ಜೀವಿ ವಿಷ ಹೊತ್ತುಕೊಂಡು ಭೂಮಿಗೆ ಬರುತ್ತದೆ. ಅವರು ದೊಡ್ಡ ಅಸ್ತ್ರ ಮಾಡಿದರೆ ನಾವು ಇನ್ನೂ ದೊಡ್ಡದು ಮಾಡಿದರಾಯಿತು ಅಂತ ಒಬ್ಬ ಅಂದಾಗ, ನಾಯಕ ಅದಕ್ಕೆ ರಕ್ತ ಕಾರುತ್ತಾ ಓಡುವ ದುಃಖದ ಓಟ ಅನ್ನುತ್ತಾನೆ. ಕೊನೆಯಲ್ಲಿ ಪಂಜರದ ಚಕ್ರದಲ್ಲಿ ಓಡುತ್ತಲೇ ಇರುವ ಅಳಿಲನ್ನು ತೋರಿಸುತ್ತಾರೆ. ಗೆದ್ದವರು ಯಾರೂ ಖುಷಿ ಪಡುವುದಿಲ್ಲ. ಇದನ್ನು ತೋರಿಸಿ ಅಕ್ಕೋರೇ. ಅಮೆರಿಕದ ಕಥೆಯಲ್ಲಿ ಬಾಂಬ್ ನಮ್ಮ ಮೇಲೆ ಬೀಳುತ್ತದೇನೋ ಅನ್ನುವ ಹೆದರಿಕೆ. ಇದರಲ್ಲಿ ನಾವೇ ಇನ್ನೊಬ್ಬರ ಮೇಲೆ ಹಾಕಿದೆವಲ್ಲ ಅನ್ನುವ ಸಂಕಟ. ಬಾಂಬ್ ತಿಂದ ದೇಶದವರು ಹಾಕಿದವರ ಜಾಗದಲ್ಲಿ ನಿಂತು ಯೋಚನೆ ಮಾಡಿದ್ದಾರೆ, ಅದು ನನಗೆ ದೊಡ್ಡದು.

ಕುಮಟಾ ಓದುಗಳು:

ಏನೇ ತೋರಿಸಿ, 'ಥ್ರೆಡ್ಸ್' ಮಾತ್ರ ತೋರಿಸಬೇಡಿ. 1984ರಲ್ಲಿ ಬಿಬಿಸಿಯಲ್ಲಿ ಬಂದಿದ್ದು, ಶೆಫೀಲ್ಡ್ ಊರಿನ ಮೇಲೆ ಬಾಂಬ್ ಬಿದ್ದು ಮುಂದಿನ ಹತ್ತಾರು ವರ್ಷ ಏನಾಗುತ್ತದೆ ಅಂತ ತೋರಿಸುತ್ತದೆ. ಬಿಸಿಲಿಲ್ಲ, ಬೆಳೆ ಇಲ್ಲ, ಕೊನೆಗೆ ಮಕ್ಕಳಿಗೆ ಮಾತೂ ಸರಿಯಾಗಿ ಬರುವುದಿಲ್ಲ. ಡಿಗ್ರಿಯಲ್ಲಿದ್ದಾಗ ನೋಡಿ ಒಂದು ವಾರ ಊಟ ಸೇರಲಿಲ್ಲ. ಅದು ಬಹಳ ಒಳ್ಳೆಯ ಕೆಲಸ, ಆದರೆ ದೊಡ್ಡವರಿಗೆ, ಅದರಲ್ಲೂ ಅಧಿಕಾರದಲ್ಲಿ ಇರುವವರಿಗೆ. ಅಮೆರಿಕದ 'ದಿ ಡೇ ಆಫ್ಟರ್' 1983ರಲ್ಲಿ ಟಿವಿಗೆ ಬರುವ ಮುಂಚೆಯೇ ಆಗಿನ ಅಧ್ಯಕ್ಷ ರೇಗನ್ ನೋಡಿದ್ದರು, ತನ್ನ ಮನಸ್ಸು ತುಂಬಾ ಕುಗ್ಗಿತು ಅಂತ ಡೈರಿಯಲ್ಲಿ ಬರೆದುಕೊಂಡರು. ಹೆದರಬೇಕಾದವರು ಅವರು. 14 ವರ್ಷದ ಮಕ್ಕಳು ಆ ಭಾರ ಯಾಕೆ ಹೊರಬೇಕು?

ಕೋಡಿಬಾಗ ಟೀಚರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಲ್ಲಾ ಉತ್ತರ ಎರಡೆರಡು ಸಲ ಓದಿದೆ. ಆಯಿಗೂ ಓದಿ ಹೇಳಿದೆ, ನಡುಮನೆಯಲ್ಲಿ ಇರಬೇಕು ಅಂದದ್ದಕ್ಕೆ "ಮೊದಲೇ ಹೇಳುವುದಲ್ಲವಾ" ಅಂದಳು.

ಕೊನೆಗೆ ನಿನ್ನೆ ಶನಿವಾರ 'ಶೆಲ್ಟರ್' ತೋರಿಸಿದೆ. ಇಂಗ್ಲಿಷ್ ಜೋರಾಗಿದೆ, ಹಾಗಾಗಿ ಧ್ವನಿ ಕಡಿಮೆ ಮಾಡಿ ನಾನೇ ಕನ್ನಡದಲ್ಲಿ ಹೇಳುತ್ತಾ ಹೋದೆ. ಡಾಕ್ಟರು ಬಾಗಿಲು ಹಾಕಿದ ಕೂಡಲೇ ನಿಲ್ಲಿಸಿ, ಮುಂದೆ ಏನಾಗಬೇಕು ಅಂತ ಬರೆಯಲು ಹೇಳಿದೆ. ಬಾಗಿಲು ಒಡೆಯುತ್ತಾರೆ ಅಂತ ಬರೆದವರು ಮೂವರೇ. ಉಳಿದವರು ಏನೇನೋ ಬರೆದಿದ್ದರು, ಚೀಟಿ ಎತ್ತುತ್ತಾರೆ ಅಂತ, ಬೇರೆ ಮನೆಯ ನಡುಕೋಣೆಗೆ ಮರಳಿನ ಚೀಲ ಜೋಡಿಸುತ್ತಾರೆ ಅಂತ. ಆಮೇಲೆ ಉಳಿದದ್ದು ತೋರಿಸಿದೆ. ತರಗತಿ ಪೂರ್ತಿ ಸುಮ್ಮನಾಯಿತು. ನೀನು ಹೊರಗಿನವನು ಅನ್ನುವ ದೃಶ್ಯ ಬಂದಾಗ ಇಬ್ಬರು ಮಕ್ಕಳು ತಲೆ ತಗ್ಗಿಸಿದ್ದನ್ನು ನೋಡಿದೆ. ಅದರ ಬಗ್ಗೆ ಅವರ ಜೊತೆ ಬೇರೆಯಾಗಿ ಕೂತು ಮಾತಾಡಬೇಕು.

ಮಾತು ಹೆದರಿಕೆಯ ಕಡೆ ಹೋಗುತ್ತದೆ ಅಂದುಕೊಂಡಿದ್ದೆ, ಹೋಗಲಿಲ್ಲ. ಕದ್ರಾ ಕಡೆಯ ಒಬ್ಬ ಹುಡುಗಿ ಎದ್ದು, "ಟೀಚರ್, ಮಕ್ಕಳನ್ನಾದರೂ ಒಳಗೆ ಬಿಡಬಹುದಿತ್ತಲ್ಲ" ಅಂದಳು. ಜಾಗ ಎಲ್ಲಿದೆ ಅಂತ ಇನ್ನೊಬ್ಬ ಕೇಳಿದ. ಸರಿ ನೋಡೋಣ ಅಂತ ಸೀಮೆಸುಣ್ಣದಲ್ಲಿ ನೆಲದ ಮೇಲೆ ಹತ್ತು ಅಡಿ ಉದ್ದ ಹತ್ತು ಅಡಿ ಅಗಲದ ಚೌಕ ಬರೆದೆವು. ಒಬ್ಬೊಬ್ಬರಾಗಿ ಕೂತರು. ಮೊಣಕಾಲು ಮಡಚಿ, ನೀರಿನ ಕ್ಯಾನಿಗೆ ಒಂದು ಮೂಲೆ ಬಿಟ್ಟು, 19 ಜನ ಕೂತರು. ಗೆರೆ ಮುಟ್ಟದ ಹಾಗೆ.

ಬೈತಖೋಲದವರೇ, 'ಅಲ್ಟ್ರಾಸೆವೆನ್' ಮುಂದಿನ ತಿಂಗಳಿಗೆ ಇಟ್ಟಿದ್ದೇನೆ, ನಿಮಗೆ ಬೋಟಿಲ್ಲದ ದಿನ ಇದ್ದರೆ ಬಂದು ಮಕ್ಕಳಿಗೆ ಆ ಬೂದಿಯ ಕಥೆ ಹೇಳುತ್ತೀರಾ?

ಮಲ್ಲಾಪುರದವರೇ, ನಿಮಗೆ ಒಂದು ಲೆಕ್ಕ. 19 ಜನ ಕೂತ ಮೇಲೆ ಒಬ್ಬ ಹುಡುಗ ಗಾಳಿ ಸಾಲುತ್ತದಾ ಅಂತ ಕೇಳಿದ. ಕಂತಿನಲ್ಲಿ ಡಾಕ್ಟರೂ ಇದೇ ಕಾರಣ ಹೇಳುತ್ತಾರೆ, ಮೂರು ಜನಕ್ಕೆ ಸಾಕಾಗುವಷ್ಟೇ ಗಾಳಿ ಅಂತ. ಚಾವಣಿ ಹತ್ತು ಅಡಿ ಅಂದುಕೊಂಡರೆ, ಬಾಗಿಲು ಪೂರ್ತಿ ಮುಚ್ಚಿ 19 ಜನ ಎಷ್ಟು ಹೊತ್ತು ಇರಬಹುದು? ಸೋಮವಾರ ಮೊದಲ ಪೀರಿಯಡ್‌ಗೇ ಕೇಳುತ್ತಾರೆ.